ಪ್ಲಸ್ ಒಂದು, ಮೈನಸ್ ಒಂದು

1980ರ ಮಾತು. ಅಮೆರಿಕದ ಕೇಂಬ್ರಿಜ್ ಊರಿನ ಒಂದು ಚೀನೀ ಹೋಟೆಲಿನಲ್ಲಿ ಬಿಲ್ ಕ್ಯಾಪ್ಲನ್ ಎಂಬ ಹಾರ್ವರ್ಡ್ ಪದವೀಧರರು ಬ್ಲ್ಯಾಕ್‌ಜಾಕ್ ಆಡಿ ದುಡ್ಡು ಮಾಡುವ ಕಸುಬಿನ ಬಗ್ಗೆ ಮಾತಾಡುತ್ತಿದ್ದರು. ಅದು ಹತ್ತಿರದಲ್ಲೇ ಕೂತಿದ್ದ ಜೆ. ಪಿ. ಮಸ್ಸಾರ್ ಅವರ ಕಿವಿಗೆ ಬಿತ್ತು. ಮಸ್ಸಾರ್ ಮತ್ತು ಅವರ ಎಂಐಟಿ ಗೆಳೆಯರು ಆಗಲೇ ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊಗಳಲ್ಲಿ ಇಸ್ಪೀಟು ಎಲೆ ಎಣಿಸುವ ಪ್ರಯೋಗ ನಡೆಸಿದ್ದರು, ಆದರೆ ಗೆಲುವು ಕೈಗೆ ಹತ್ತುತ್ತಿರಲಿಲ್ಲ. ಬಂದು ನಮ್ಮ ಆಟ ನೋಡಿ ಎಂದು ಕ್ಯಾಪ್ಲನ್‌ರನ್ನು ಕರೆದರು. ಹೋಗಿ ನೋಡಿದ ಕ್ಯಾಪ್ಲನ್‌ಗೆ ರೋಗ ಬೇಗನೆ ತಿಳಿಯಿತು. ಬುದ್ಧಿಗೆ ಕೊರತೆಯಿರಲಿಲ್ಲ. ಒಬ್ಬೊಬ್ಬರದೂ ಒಂದೊಂದು ಎಣಿಕೆ ಪದ್ಧತಿ, ಎಲ್ಲವೂ ಬೇಕಾದ್ದಕ್ಕಿಂತ ಜಟಿಲ.

ಜೂಜಿನ ಚರಿತ್ರೆಯಲ್ಲಿ ಇದು ಪುಟ್ಟ ಘಟನೆ. ಆದರೆ ಎಲೆ ಎಣಿಸುವವರ ಲೋಕದಲ್ಲಿ ಅರವತ್ತು ವರ್ಷಗಳಿಂದ ನಡೆಯುತ್ತಿರುವ ಜಗಳ ಪೂರ್ತಿಯಾಗಿ ಇದರಲ್ಲಿದೆ. ಕಾಗದದ ಮೇಲೆ ಶ್ರೇಷ್ಠವಾದ ಪದ್ಧತಿಯನ್ನು ಕಲಿಯಬೇಕೋ, ಮೇಜಿನ ಮೇಲೆ ತಪ್ಪಿಲ್ಲದೆ ನಡೆಸಬಹುದಾದ ಪದ್ಧತಿಯನ್ನೋ?

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬ್ಲ್ಯಾಕ್‌ಜಾಕ್‌ನಲ್ಲಿ ಆಟಗಾರನ ಎದುರಾಳಿ ಡೀಲರ್ ಮಾತ್ರ, ಪಕ್ಕದಲ್ಲಿ ಕೂತವರಲ್ಲ. ಎಲೆಗಳ ಮೊತ್ತ ಇಪ್ಪತ್ತೊಂದನ್ನು ಮೀರದೆ ಡೀಲರ್‌ಗಿಂತ ಮೇಲಿರಬೇಕು. ರಾಜ, ರಾಣಿ, ಗುಲಾಮ ಮೂರಕ್ಕೂ ಹತ್ತೇ ಬೆಲೆ. ಎಕ್ಕ ಒಂದೂ ಆಗಬಹುದು, ಹನ್ನೊಂದೂ ಆಗಬಹುದು. ಮೊದಲ ಎರಡೇ ಎಲೆಯಲ್ಲಿ ಎಕ್ಕವೂ ಹತ್ತೂ ಕೂಡಿ ಬಂದರೆ ಅದು ಬ್ಲ್ಯಾಕ್‌ಜಾಕ್. ನೂರು ಕಟ್ಟಿದವನಿಗೆ ನೂರೈವತ್ತು. ಡೀಲರ್‌ಗೆ ಸ್ವಂತ ಬುದ್ಧಿ ಓಡಿಸುವ ಹಕ್ಕಿಲ್ಲ. ಹದಿನಾರರವರೆಗೂ ಎಲೆ ಎಳೆಯಲೇಬೇಕು, ಹದಿನೇಳು ಬಂದಮೇಲೆ ನಿಲ್ಲಬೇಕು. ಹಾಗಾದರೆ ಕ್ಯಾಸಿನೊಗೆ ಲಾಭ ಎಲ್ಲಿಂದ? ಆಟಗಾರ ಮೊದಲು ಆಡಬೇಕು ಎನ್ನುವುದೊಂದರಿಂದ. ಅವನು ಇಪ್ಪತ್ತೊಂದನ್ನು ದಾಟಿದರೆ ಹಣ ಅಲ್ಲಿಗೇ ಹೋಯಿತು. ಆಮೇಲೆ ಡೀಲರ್ ಕೂಡ ದಾಟಿದರೂ ಹೋದದ್ದು ಬರುವುದಿಲ್ಲ.

1956ರಲ್ಲಿ ಅಮೆರಿಕದ ಸೈನ್ಯದ ಅಬರ್ಡೀನ್ ನೆಲೆಯಲ್ಲಿದ್ದ ಬಾಲ್ಡ್ವಿನ್, ಕ್ಯಾಂಟಿ, ಮೈಸೆಲ್, ಮ್ಯಾಕ್‌ಡರ್ಮಟ್ ಎಂಬ ನಾಲ್ವರು ಮೇಜಿನ ಮೇಲಿಡುವ ಲೆಕ್ಕದ ಯಂತ್ರಗಳಲ್ಲೇ ಈ ಆಟವನ್ನು ಬಿಡಿಸಿ ನೋಡಿದರು. ಯಾವ ಕೈಗೆ ಎಲೆ ಕೇಳಬೇಕು, ಯಾವುದಕ್ಕೆ ನಿಲ್ಲಬೇಕು, ಎಲ್ಲಿ ಪಣ ಇಮ್ಮಡಿ ಮಾಡಬೇಕು ಎಂಬ ಪಟ್ಟಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ಇಂದಿಗೂ ಎಲ್ಲರೂ ಕಲಿಯುವ ಬೇಸಿಕ್ ಸ್ಟ್ರ್ಯಾಟಜಿಯ ಮೂಲ. ಈಗಿನ ಒಳ್ಳೆಯ ನಿಯಮಗಳ ಮೇಜಿನಲ್ಲಿ ಆ ಪಟ್ಟಿಯನ್ನು ಚಾಚೂ ತಪ್ಪದೆ ಪಾಲಿಸಿದರೆ ಕ್ಯಾಸಿನೊದ ಮೇಲುಗೈ ಸುಮಾರು ಅರ್ಧ ಶೇಕಡಾಕ್ಕೆ ಇಳಿಯುತ್ತದೆ. ನೂರು ರೂಪಾಯಿ ಪಣಕ್ಕೆ ಐವತ್ತು ಪೈಸೆ. ಕ್ಯಾಸಿನೊದ ಆಟಗಳಲ್ಲಿ ಇಷ್ಟು ಕಡಿಮೆ ಸೋಲಿನ ಆಟ ಹುಡುಕಿದರೂ ಸಿಗುವುದು ಕಷ್ಟ.

ಆ ಐವತ್ತು ಪೈಸೆಯನ್ನು ತಿರುಗಿಸಿದವರು ಗಣಿತಜ್ಞ ಎಡ್ವರ್ಡ್ ಥಾರ್ಪ್. ರೂಲೆಟ್ ಚಕ್ರಕ್ಕೆ ಹಿಂದಿನ ಸುತ್ತು ನೆನಪಿರುವುದಿಲ್ಲ. ಇಸ್ಪೀಟು ಕಟ್ಟಿಗೆ ಇರುತ್ತದೆ. ಹೊರಗೆ ಬಿದ್ದ ಎಲೆ ಮತ್ತೆ ಕಲಸುವವರೆಗೂ ಒಳಗಿಲ್ಲ. ಉಳಿದ ಕಟ್ಟಿನಲ್ಲಿ ಎಕ್ಕವೂ ಹತ್ತೂ ಹೆಚ್ಚಿದ್ದರೆ ಆಟಗಾರನಿಗೆ ಒಳ್ಳೆಯದು, ಸಣ್ಣ ಎಲೆಗಳು ಹೆಚ್ಚಿದ್ದರೆ ಡೀಲರ್‌ಗೆ. ಕಾರಣ ಸರಳ. ಹದಿನೈದು, ಹದಿನಾರರಲ್ಲಿ ಸಿಕ್ಕಿಕೊಂಡ ಡೀಲರ್ ಎಲೆ ಎಳೆಯಲೇಬೇಕು. ದೊಡ್ಡ ಎಲೆ ಬಂದರೆ ಮುಳುಗುತ್ತಾನೆ, ಐದು ಬಂದರೆ ದಡ ಸೇರುತ್ತಾನೆ. ಬ್ಲ್ಯಾಕ್‌ಜಾಕ್ ಇಬ್ಬರಿಗೂ ಸಮನಾಗಿಯೇ ಬೀಳುತ್ತದೆ, ಆದರೆ ಒಂದೂವರೆ ಪಟ್ಟು ಸಿಗುವುದು ಆಟಗಾರನಿಗೆ ಮಾತ್ರ. ಡೀಲರ್‌ಗೆ ಅದು ಬಿದ್ದರೆ ಅವನು ಎತ್ತಿಕೊಳ್ಳುವುದು ಒಂದು ಪಟ್ಟನ್ನಷ್ಟೇ.

ಎಣಿಕೆಗೂ ಜೂಜಿಗೂ ನಂಟು ಇರಬಹುದು ಎನ್ನುವುದು ನಮ್ಮವರಿಗೇನೂ ಹೊಸದಲ್ಲ. ಮಹಾಭಾರತದ ವನಪರ್ವದಲ್ಲಿ ಋತುಪರ್ಣ ರಾಜ ಓಡುವ ರಥದಲ್ಲೇ ಕೂತು ತಾರೆ ಮರವೊಂದರ ಎಲೆ, ಕಾಯಿಗಳ ಲೆಕ್ಕ ಹೇಳುತ್ತಾನೆ. ಸಾರಥಿಯಾಗಿದ್ದ ನಳ ನಂಬದೆ ಇಳಿದು ಮರ ಕಡಿದು ಎಣಿಸಿದರೆ ಲೆಕ್ಕ ಸರಿಯಿರುತ್ತದೆ. ಅಶ್ವಹೃದಯ ಕೊಟ್ಟು ಅಕ್ಷಹೃದಯ ಪಡೆದ ನಳ, ಪಗಡೆಯಲ್ಲಿ ಕಳೆದ ರಾಜ್ಯವನ್ನು ಪಗಡೆಯಲ್ಲೇ ಗೆದ್ದ. ಆ ಕಾಲದ ದಾಳಗಳು ತಾರೆ ಮರದ ಕಾಯಿಗಳೇ ಆಗಿದ್ದವು ಎನ್ನುವುದು ಗೊತ್ತಿದ್ದವರಿಗೆ ಈ ಕಥೆ ಇನ್ನೂ ರುಚಿಸುತ್ತದೆ.

ಥಾರ್ಪ್ ಎಂಐಟಿಯಲ್ಲಿದ್ದಾಗ ಐಬಿಎಂ 704 ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶಾನನ್ ಅವರ ನೆರವಿನಿಂದ 1961ರಲ್ಲಿ ತಮ್ಮ ಪ್ರಬಂಧವನ್ನು ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಬರೀ ಪ್ರಬಂಧ ಸಾಲದೆಂದು, ಮ್ಯಾನಿ ಕಿಮ್ಮೆಲ್ ಎಂಬ ಹಳೇ ಜೂಜುಕೋರ ಮತ್ತು ಆತನ ಜೊತೆಗಾರ ಕೊಟ್ಟ ಹತ್ತು ಸಾವಿರ ಡಾಲರ್ ಹಿಡಿದು ನೆವಾಡಾಕ್ಕೆ ಹೋಗಿ, ಕೆಲವೇ ದಿನಗಳಲ್ಲಿ ಮೊತ್ತವನ್ನು ದುಪ್ಪಟ್ಟಿಗೂ ಸ್ವಲ್ಪ ಮೇಲಕ್ಕೆ ಏರಿಸಿದರು. 1962ರಲ್ಲಿ 'ಬೀಟ್ ದ ಡೀಲರ್' ಪುಸ್ತಕ ಬಂತು.

ಅದರಲ್ಲಿದ್ದ ಪದ್ಧತಿಗಳನ್ನು ಈಗ ನೋಡಿದರೆ ತಮಾಷೆಯೆನಿಸುತ್ತದೆ. ಒಂದು, ಬರೀ ಐದುಗಳನ್ನು ಎಣಿಸುವುದು. ಒಂಟಿ ಕಟ್ಟಿನ ಆಟದಲ್ಲಿ ನಾಲ್ಕೂ ಐದು ಬಿದ್ದುಹೋದರೆ ಆಟಗಾರನ ಮೇಲುಗೈ ಸುಮಾರು ಮೂರು ಶೇಕಡಾ. ಸುಲಭ, ಆದರೆ ಅಂಥ ಗಳಿಗೆ ಬರುವುದೇ ಅಪರೂಪ. ಇನ್ನೊಂದು, ಹತ್ತರ ಎಣಿಕೆ. ಕಟ್ಟಿನಲ್ಲಿ ಹತ್ತರ ಬೆಲೆಯ ಎಲೆ ಹದಿನಾರು, ಮಿಕ್ಕವು ಮೂವತ್ತಾರು. ಎರಡೂ ಸಂಖ್ಯೆಗಳನ್ನು ತಲೆಯಲ್ಲಿಟ್ಟು, ಬಿದ್ದ ಎಲೆಯನ್ನೆಲ್ಲ ಅದರದರ ಖಾತೆಯಿಂದ ಕಳೆಯುತ್ತಾ, ಪಣ ಇಡುವ ಮುನ್ನ ಒಂದರಿಂದ ಇನ್ನೊಂದನ್ನು ಭಾಗಿಸಬೇಕು. ಶುರುವಿನಲ್ಲಿ ಭಾಗಲಬ್ಧ 2.25, ಅದು ಇಳಿದಷ್ಟೂ ಆಟಗಾರನಿಗೆ ಲಾಭ. ಇಪ್ಪತ್ತೇಳನ್ನು ಹದಿಮೂರರಿಂದ ಭಾಗಿಸುತ್ತಾ ಕೂತವನ ಮುಂದೆ ಡೀಲರ್ ಮುಂದಿನ ಎಲೆ ಹಾಕಿ ಆಗಿರುತ್ತದೆ. ಪುಸ್ತಕ ಕೊಂಡವರು ಲಕ್ಷಗಟ್ಟಲೆ, ನಡೆಸಬಲ್ಲವರು ಬೆರಳೆಣಿಕೆ. ಹೆದರಿದ ಲಾಸ್ ವೇಗಾಸ್ ಕ್ಯಾಸಿನೊಗಳು 1964ರ ಏಪ್ರಿಲ್ 1ರಂದು ಆಟದ ನಿಯಮಗಳನ್ನೇ ಬಿಗಿ ಮಾಡಿದವು. ಗಿರಾಕಿಗಳು ಮೇಜು ಬಿಟ್ಟೆದ್ದರು, ಕೆಲವೇ ವಾರಗಳಲ್ಲಿ ಹಳೆಯ ನಿಯಮ ವಾಪಸು ಬಂತು. ಆಮೇಲೆ ಕ್ಯಾಸಿನೊಗಳಿಗೆ ಒಂದು ಸತ್ಯ ತಿಳಿಯಿತು: ಎಣಿಸಬಲ್ಲೆ ಎಂದುಕೊಂಡು ಬರುವ ಸಾವಿರ ಮಂದಿ ಕಳೆಯುವ ದುಡ್ಡು, ನಿಜವಾಗಿ ಎಣಿಸಬಲ್ಲ ಹತ್ತು ಮಂದಿ ಒಯ್ಯುವುದಕ್ಕಿಂತ ಬಹಳ ಹೆಚ್ಚು.

ದಾರಿ ಸಲೀಸಾದದ್ದು ಹಾರ್ವಿ ಡಬ್ನರ್ ಅವರಿಂದ. 1963ರಲ್ಲಿ ಅವರು ಮುಂದಿಟ್ಟ ಹೈ-ಲೋ ಎಣಿಕೆಯನ್ನು ಐಬಿಎಂನ ಜೂಲಿಯನ್ ಬ್ರಾನ್ ಕಂಪ್ಯೂಟರಿನಲ್ಲಿ ತಿದ್ದಿ ತೀಡಿದರು. 1966ರ ಪರಿಷ್ಕೃತ ಮುದ್ರಣದಲ್ಲಿ ಥಾರ್ಪ್ ಅದನ್ನು ಸೇರಿಸಿಕೊಂಡರು. ಎರಡರಿಂದ ಆರರವರೆಗಿನ ಎಲೆ ಬಿದ್ದರೆ ಪ್ಲಸ್ ಒಂದು. ಏಳು, ಎಂಟು, ಒಂಬತ್ತಕ್ಕೆ ಸೊನ್ನೆ. ಹತ್ತಕ್ಕೂ ಚಿತ್ರದ ಎಲೆಗೂ ಎಕ್ಕಕ್ಕೂ ಮೈನಸ್ ಒಂದು. ತಲೆಯಲ್ಲಿ ಇರಬೇಕಾದ್ದು ಒಂದೇ ಸಂಖ್ಯೆ. ಐದೂ ರಾಜನೂ ಜೋಡಿಯಾಗಿ ಬಿದ್ದರೆ ಎಣಿಸುವುದೇ ಬೇಡ, ಒಂದಕ್ಕೊಂದು ವಜಾ. ಐವತ್ತೆರಡೂ ಬಿದ್ದಾಗ ಮೊತ್ತ ಸೊನ್ನೆಗೆ ಬರಬೇಕು. ಬಾರದಿದ್ದರೆ ಎಲ್ಲೋ ಎಡವಿದ್ದೀರಿ. ಒಂದು ಕಟ್ಟನ್ನು ಅರ್ಧ ನಿಮಿಷದೊಳಗೆ ಎಣಿಸಿ ಮುಗಿಸುವುದು ಇವರ ಗರಡಿಯ ಮೊದಲ ಪಟ್ಟು.

ಒಂದೇ ಒಂದು ಭಾಗಾಕಾರ ಮಾತ್ರ ಉಳಿಯುತ್ತದೆ. ಈಗ ಹೆಚ್ಚಿನ ಕ್ಯಾಸಿನೊಗಳು ಆರು ಅಥವಾ ಎಂಟು ಕಟ್ಟು ಒಟ್ಟಿಗೆ ಕಲಸಿ ಷೂ ಎಂಬ ಪೆಟ್ಟಿಗೆಯಿಂದ ಹಂಚುತ್ತವೆ. ಎಣಿಕೆ ಪ್ಲಸ್ ಆರು ಇದ್ದು ಷೂನಲ್ಲಿ ಇನ್ನೂ ಮೂರು ಕಟ್ಟು ಉಳಿದಿದ್ದರೆ ಅದರ ನಿಜ ಬೆಲೆ ಎರಡೇ. ಒಂದೇ ಕಟ್ಟು ಉಳಿದಿದ್ದರೆ ಪೂರ್ತಿ ಆರು. ಇದನ್ನು ಟ್ರೂ ಕೌಂಟ್ ಎನ್ನುತ್ತಾರೆ. ಸ್ಥೂಲವಾಗಿ ಟ್ರೂ ಕೌಂಟ್ ಒಂದು ಏರಿದಂತೆ ಆಟಗಾರನ ಪಾಲು ಅರ್ಧ ಶೇಕಡಾ ಏರುತ್ತದೆ. ಸೊನ್ನೆಯಲ್ಲಿ ಅರ್ಧ ಶೇಕಡಾ ನಷ್ಟ, ಒಂದರಲ್ಲಿ ಸಮಸಮ, ಮೂರರಲ್ಲಿ ಒಂದು ಶೇಕಡಾ ಲಾಭ. ಲಾಭವಿದ್ದಾಗ ಪಣ ದೊಡ್ಡದು, ಇಲ್ಲದಾಗ ಕನಿಷ್ಠ. ವಿದ್ಯೆಯೆಂದರೆ ಇಷ್ಟೇ.

ಇಷ್ಟಕ್ಕೇ ಬಿಟ್ಟಿದ್ದರೆ ಗಣಿತಜ್ಞರಿಗೆ ನಿದ್ದೆ ಬರುತ್ತಿತ್ತೇನೋ. ಸ್ಯಾಕ್ರಮೆಂಟೊದ ಗಣಿತದ ಪ್ರಾಧ್ಯಾಪಕ ಪೀಟರ್ ಗ್ರಿಫಿನ್ 1979ರಲ್ಲಿ ಹೊರತಂದ 'ದ ಥಿಯರಿ ಆಫ್ ಬ್ಲ್ಯಾಕ್‌ಜಾಕ್' ಪುಸ್ತಕದಲ್ಲಿ ಒಂದೊಂದು ಎಲೆಯ ತೂಕವನ್ನೂ ಅಳೆದಿದ್ದರು. ಒಂಟಿ ಕಟ್ಟಿನಿಂದ ಒಂದು ಐದು ಹೊರಹೋದರೆ ಆಟಗಾರನಿಗೆ 0.69 ಶೇಕಡಾ ಲಾಭ. ಎರಡರ ಎಲೆ ಹೋದರೆ 0.38 ಮಾತ್ರ, ಎಕ್ಕ ಹೋದರೆ 0.61 ನಷ್ಟ. ಹಾಗಿದ್ದಮೇಲೆ ಎರಡಕ್ಕೂ ಐದಕ್ಕೂ ಒಂದೇ ಬೆಲೆ ಕಟ್ಟುವ ಹೈ-ಲೋ ಒರಟು ತಕ್ಕಡಿಯಲ್ಲವೇ? ಅಲ್ಲವೆಂದು ಯಾರೂ ಹೇಳಲಾರರು. ಅಲ್ಲಿಂದ ನಯದ ತಕ್ಕಡಿಗಳ ಸಂತೆ ಶುರುವಾಯಿತು. ಸ್ಟ್ಯಾನ್‌ಫರ್ಡ್ ವಾಂಗ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಲೇಖಕರ 'ಹಾವ್ಸ್' ಪದ್ಧತಿಯಲ್ಲಿ ಎರಡಕ್ಕೆ ಅರ್ಧ, ಮೂರಕ್ಕೆ ಒಂದು, ಐದಕ್ಕೆ ಒಂದೂವರೆ, ಒಂಬತ್ತಕ್ಕೆ ಮೈನಸ್ ಅರ್ಧ. ಪಣದ ಗಾತ್ರ ನಿರ್ಧರಿಸುವುದರಲ್ಲಿ ಪದ್ಧತಿಯೊಂದು ಎಷ್ಟು ನಿಖರ ಎನ್ನುವುದಕ್ಕೆ ಒಂದು ಅಳತೆಯಿದೆ. ಪರಿಪೂರ್ಣ ಪದ್ಧತಿಗೆ ಅಲ್ಲಿ ಒಂದು ಅಂಕ. ಹಾವ್ಸ್‌ಗೆ ಸಿಗುವುದು 0.99. ಒರಟು ತಕ್ಕಡಿ ಎನಿಸಿಕೊಂಡ ಹೈ-ಲೋಗೆ 0.97.

ಆ ಎರಡು ಅಂಕಿಗಳನ್ನು ಇನ್ನೊಮ್ಮೆ ನೋಡಿ. ಅರ್ಧ, ಒಂದೂವರೆಗಳ ಲೆಕ್ಕವನ್ನೆಲ್ಲ ಹೊತ್ತು ಬೆಟ್ಟ ಹತ್ತಿದವನಿಗೆ ಸಿಕ್ಕ ಎತ್ತರ ನೂರಕ್ಕೆ ಎರಡು.

ಹೈ-ಲೋದ ನಿಜವಾದ ದೌರ್ಬಲ್ಯ ಬೇರೆ ಕಡೆ ಇದೆ, ಅದಕ್ಕೆ ಕಾರಣ ಎಕ್ಕ. ಎಣಿಕೆ ಎರಡು ಕೆಲಸ ಮಾಡಬೇಕು: ಪಣ ಎಷ್ಟಿಡಲಿ ಎಂದು ಮೊದಲೇ ಹೇಳಬೇಕು, ಎಲೆ ಬಂದಮೇಲೆ ಈ ಕೈಯನ್ನು ಹೇಗೆ ಆಡಲಿ ಎಂದೂ ಹೇಳಬೇಕು. ಪಣದ ಪ್ರಶ್ನೆಯಲ್ಲಿ ಎಕ್ಕ ಬಂಗಾರ, ಅದಿಲ್ಲದೆ ಬ್ಲ್ಯಾಕ್‌ಜಾಕ್ ಇಲ್ಲ. ಆಡುವ ಪ್ರಶ್ನೆಯಲ್ಲಿ ಅದು ಬಹಳ ಸಲ ಸಣ್ಣ ಎಲೆಯಂತೆಯೇ ನಡೆದುಕೊಳ್ಳುತ್ತದೆ. ಹದಿನಾರರ ಮೇಲೆ ಬಿದ್ದ ಎಕ್ಕ ಯಾರನ್ನೂ ಮುಳುಗಿಸುವುದಿಲ್ಲ. ಡೀಲರ್‌ನ ತೆರೆದ ಎಲೆ ಎಕ್ಕವಾಗಿದ್ದಾಗ ಇನ್ಶೂರೆನ್ಸ್ ಎಂಬ ಪಕ್ಕದ ಪಣ ಇಡಬಹುದು. ಡೀಲರ್‌ನ ಮುಚ್ಚಿದ ಎಲೆ ಹತ್ತೇ ಆಗಿದ್ದರೆ ಅದಕ್ಕೆ ಗೆಲುವು. ಅಲ್ಲಿ ಬೇಕಾದ್ದು ಹತ್ತರ ಲೆಕ್ಕ ಮಾತ್ರ, ಎಕ್ಕವನ್ನೂ ಹತ್ತರ ಗುಂಪಿಗೆ ಸೇರಿಸಿದ ಹೈ-ಲೋ ಅಲ್ಲಿ ಸ್ವಲ್ಪ ಮುಗ್ಗರಿಸುತ್ತದೆ.

ಹಾಗಾಗಿ ಜಟಿಲ ಪದ್ಧತಿಗಳು ಎಕ್ಕಕ್ಕೆ ಸೊನ್ನೆ ಬೆಲೆ ಕಟ್ಟಿ, ಅದನ್ನು ಬೇರೆಯಾಗಿ ಎಣಿಸಿ ಎನ್ನುತ್ತವೆ. ಹೈ-ಆಪ್ಟ್ 2, ಒಮೆಗಾ 2 ಈ ಜಾತಿಯವು. ಆಡುವ ನಿರ್ಧಾರದ ಅಳತೆಯಲ್ಲಿ ಹೈ-ಲೋಗೆ 0.51 ಅಂಕವಾದರೆ ಇವಕ್ಕೆ 0.67. ಇದು ಸಣ್ಣ ಅಂತರವಲ್ಲ, ಒಪ್ಪಬೇಕು. ಆದರೆ ಆ ಅಂಕ ದುಡ್ಡಾಗುವುದು ಒಂಟಿ ಕಟ್ಟಿನ, ಕೊನೆಯ ಎಲೆಗಳವರೆಗೂ ಹಂಚುವ ಆಟದಲ್ಲಿ. ಆರು ಕಟ್ಟಿನ ಷೂನಲ್ಲಿ ಗೆಲುವಿನ ಬಹುಪಾಲು ಬರುವುದು ಪಣ ಏರಿಸಿ ಇಳಿಸುವುದರಿಂದ; ಅಲ್ಲಿ ಹೈ-ಲೋಗೆ ಆಗಲೇ 0.97 ಇದೆ. ಎಕ್ಕದ ಪಕ್ಕದೆಣಿಕೆ ಎಂದರೆ ಸಾಮಾನ್ಯವಾಗಿ ಪಾದದ ಭಂಗಿಯಲ್ಲೋ ಪಣದ ಚಿಪ್ಪುಗಳ ಜೋಡಣೆಯಲ್ಲೋ ಇನ್ನೊಂದು ಖಾತೆ ಇಟ್ಟುಕೊಳ್ಳುವುದು. ಅದನ್ನು ಇಷ್ಟು ಕಟ್ಟಿಗೆ ಎಷ್ಟು ಎಕ್ಕ ಬೀಳಬೇಕಿತ್ತು ಎಂಬ ಇನ್ನೊಂದು ಲೆಕ್ಕದ ಜೊತೆ ಹೋಲಿಸಿ, ಬಂದ ವ್ಯತ್ಯಾಸವನ್ನು ಮೊದಲ ಖಾತೆಗೆ ಸೇರಿಸಬೇಕು. ಅಷ್ಟರಲ್ಲಿ ಷೂನಲ್ಲಿ ಉಳಿದ ಕಟ್ಟುಗಳ ಭಾಗಾಕಾರವೂ ಮುಗಿದಿರಬೇಕು.

ಈ ಶಿಖರದ ತುದಿಯಲ್ಲಿ ನಿಂತವರು ಕೆನ್ ಉಸ್ಟನ್. ಪೆಸಿಫಿಕ್ ಸ್ಟಾಕ್ ಎಕ್ಸ್‌ಚೇಂಜಿನ ಉಪಾಧ್ಯಕ್ಷರಾಗಿದ್ದು, ಅಲ್ ಫ್ರಾನ್ಸೆಸ್ಕೊ ಅವರ ತಂಡ ಸೇರಿ ಜೂಜಿಗೇ ಇಳಿದವರು. 1981ರ 'ಮಿಲಿಯನ್ ಡಾಲರ್ ಬ್ಲ್ಯಾಕ್‌ಜಾಕ್' ಪುಸ್ತಕದಲ್ಲಿ ಅವರು ಕೊಟ್ಟ ಅಡ್ವಾನ್ಸ್‌ಡ್ ಪಾಯಿಂಟ್ ಕೌಂಟ್ ನೋಡಿದರೆ ತಲೆ ತಿರುಗುತ್ತದೆ. ಎರಡಕ್ಕೂ ಎಂಟಕ್ಕೂ ಒಂದು, ಮೂರು, ನಾಲ್ಕು, ಆರು, ಏಳಕ್ಕೆ ಎರಡು, ಐದಕ್ಕೆ ಮೂರು, ಒಂಬತ್ತಕ್ಕೆ ಮೈನಸ್ ಒಂದು, ಹತ್ತಕ್ಕೆ ಮೈನಸ್ ಮೂರು, ಎಕ್ಕಕ್ಕೆ ಸೊನ್ನೆ ಮತ್ತು ಪ್ರತ್ಯೇಕ ಎಣಿಕೆ. ಭಾಗಾಕಾರ ಪೂರ್ತಿ ಕಟ್ಟಿಗಲ್ಲ, ಅರ್ಧ ಕಟ್ಟಿನ ಲೆಕ್ಕದಲ್ಲಿ. ಉಸ್ಟನ್ ಇದನ್ನು ನಡೆಸಬಲ್ಲವರಾಗಿದ್ದರು. ಅವರ ಪುಸ್ತಕ ಓದಿದವರಲ್ಲಿ ಎಷ್ಟು ಜನ ನಡೆಸಿದರು ಎನ್ನುವುದು ಊಹೆಗೆ ಬಿಟ್ಟದ್ದು. ಕೊನೆಕೊನೆಗೆ ಉಸ್ಟನ್ನರೇ ಟ್ರೂ ಕೌಂಟಿನ ಭಾಗಾಕಾರವಿಲ್ಲದ ಇನ್ನೊಂದು ಪದ್ಧತಿ ತಂದದ್ದು ನನ್ನ ಮಟ್ಟಿಗೆ ಸಾಕಷ್ಟು ಹೇಳುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ಆರು ಕಟ್ಟಿನ ಷೂನಲ್ಲಿ 312 ಎಲೆ. ಮುಕ್ಕಾಲು ಪಾಲು ಹಂಚಿ ಕಲಸುತ್ತಾರೆ ಎಂದುಕೊಂಡರೆ ಕಣ್ಣ ಮುಂದೆ ಹಾಯುವುದು 234. ಒಬ್ಬ ಎಣಿಕೆಗಾರ ಸಾವಿರ ಎಲೆಗೆ ಒಂದು ತಪ್ಪು ಮಾಡುತ್ತಾನೆ ಎಂದಿಟ್ಟುಕೊಳ್ಳಿ. ಒಂದೂ ತಪ್ಪಿಲ್ಲದೆ ಷೂ ಮುಗಿಸುವ ಸಂಭವ ಸುಮಾರು 79 ಶೇಕಡಾ. ಜಟಿಲ ಪದ್ಧತಿಗೆ ಹೋದ ಮೇಲೆ ತಪ್ಪು ಸಾವಿರಕ್ಕೆ ಮೂರಾಯಿತು ಎನ್ನೋಣ, ಆಗಲೂ ಅವನು ಅಸಾಧಾರಣ ಜಾಣನೇ. ಆದರೆ ತಪ್ಪಿಲ್ಲದ ಷೂಗಳು ಅರ್ಧಕ್ಕಿಳಿಯುತ್ತವೆ. ನೂರಕ್ಕೆ ಒಂದು ತಪ್ಪು ಮಾಡುವವನಿಗೆ ಹತ್ತರಲ್ಲಿ ಒಂದು ಷೂ ಶುದ್ಧವಾಗಿ ಸಿಕ್ಕರೆ ಪುಣ್ಯ. ಎಣಿಕೆ ಒಂದು ಅಂಕಿ ತಪ್ಪಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ, ನಿಜ. ಹೈ-ಲೋದಲ್ಲಿ ಒಂದು ಎಲೆ ಬಿಟ್ಟುಹೋದರೆ ತಪ್ಪುವುದು ಒಂದಂಕಿ, ಭಾಗಾಕಾರದಲ್ಲಿ ಅದೂ ಕರಗುತ್ತದೆ. ಉಸ್ಟನ್ನರ ಪದ್ಧತಿಯಲ್ಲಿ ಒಂದು ರಾಣಿ ಕಣ್ತಪ್ಪಿದರೆ ಒಮ್ಮೆಗೇ ಮೂರಂಕಿ ತಪ್ಪುತ್ತದೆ, ತಪ್ಪಿದ್ದು ಗೊತ್ತೂ ಆಗುವುದಿಲ್ಲ.

ಇದೂ ಮನೆಯ ಮೇಜಿನ ಮೇಲಿನ ಮಾತು. ಕ್ಯಾಸಿನೊದಲ್ಲಿ ಎಣಿಸುವುದೆಂದರೆ ನಮ್ಮ ಅಷ್ಟಾವಧಾನದ ಘಂಟಾಗಣನೆಯ ಹಾಗೆ. ಪದ್ಯ ಕಟ್ಟುತ್ತಾ, ಸಮಸ್ಯೆ ತುಂಬುತ್ತಾ ಅವಧಾನಿಗಳು ನಡುನಡುವೆ ಬಾರಿಸಿದ ಗಂಟೆಯ ಸದ್ದನ್ನೂ ಲೆಕ್ಕವಿಡಬೇಕು. ಗಂಟೆ ಎಣಿಸುವುದು ಮಗುವಿಗೂ ಬರುತ್ತದೆ. ಕಷ್ಟವಿರುವುದು ಜೊತೆಗೆ ನಡೆಯುವ ಉಳಿದ ಏಳರಲ್ಲಿ. ಕ್ಯಾಸಿನೊದಲ್ಲಿ ಅಪ್ರಸ್ತುತ ಪ್ರಸಂಗಿಯ ಪಾತ್ರ ಮೇಜುಗಳ ಉಸ್ತುವಾರಿ ನೋಡುವ ಪಿಟ್ ಬಾಸ್‌ನದು. ಊರು ಯಾವುದು, ಊಟ ಆಯಿತೇ, ನಿನ್ನೆಯ ಪಂದ್ಯ ನೋಡಿದಿರಾ ಎಂದು ನಗುನಗುತ್ತಾ ಕೇಳುತ್ತಾನೆ, ಕಣ್ಣು ಮಾತ್ರ ನಿಮ್ಮ ಚಿಪ್ಪುಗಳ ಮೇಲೆ. ಮಾತಾಡಿದರೆ ಲೆಕ್ಕ ತಪ್ಪುತ್ತದೆ. ಮಾತಾಡದೆ ತುಟಿ ಬಿಗಿದು ಎಲೆಗಳನ್ನೇ ನೆಟ್ಟ ನೋಟದಿಂದ ನೋಡುತ್ತಾ ಕೂತರೆ ಎಣಿಸುತ್ತಿದ್ದೀರಿ ಎಂದು ಅವನಿಗೆ ಗೊತ್ತಾಗುತ್ತದೆ. ನೆವಾಡಾದಲ್ಲಿ ತಲೆಯೊಳಗೆ ಎಣಿಸುವುದು ಅಪರಾಧವಲ್ಲ, ಆದರೆ ಎಣಿಸುವವರನ್ನು ಹೊರಗೆ ಕಳಿಸುವ ಹಕ್ಕು ಕ್ಯಾಸಿನೊಗಿದೆ. ನ್ಯೂಜೆರ್ಸಿಯಲ್ಲಿ ಹಾಗೆ ಕಳಿಸುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 1982ರಲ್ಲಿ ತೀರ್ಪಿತ್ತಿತು; ದಾವೆ ಹೂಡಿದ್ದವರು ಇದೇ ಉಸ್ಟನ್. ನಯವಾಗಿ ಮಾತಾಡುತ್ತಾ, ಕುಡಿದವನಂತೆ ನಟಿಸುತ್ತಾ, ನಡುವೆ ಪಣವನ್ನು ಹತ್ತು ಪಟ್ಟು ಏರಿಸಿಯೂ ಸಹಜವಾಗಿ ಕಾಣುವುದಕ್ಕೆ ತಲೆಯಲ್ಲಿ ಖಾಲಿ ಜಾಗ ಬೇಕು. ಆ ಜಾಗವನ್ನೇ ಜಟಿಲ ಎಣಿಕೆ ನುಂಗಿಬಿಡುತ್ತದೆ.

ಕ್ಯಾಪ್ಲನ್ ಎಂಐಟಿ ಹುಡುಗರಿಗೆ ಹಾಕಿದ ಷರತ್ತುಗಳಿಗೆ ಈಗ ಅರ್ಥ ಬರುತ್ತದೆ. ಬಂಡವಾಳ ಬೇಕಿದ್ದರೆ ವ್ಯಾಪಾರದ ಶಿಸ್ತು ಇರಬೇಕು. ಎಲ್ಲರಿಗೂ ಒಂದೇ ಎಣಿಕೆ, ಒಂದೇ ಪಣದ ಕ್ರಮ, ಕಟ್ಟುನಿಟ್ಟಿನ ತರಬೇತಿ, ಪರೀಕ್ಷೆ ಪಾಸಾದವರಿಗಷ್ಟೇ ಮೇಜು. ಬುದ್ಧಿವಂತ ಹುಡುಗರು ತಮ್ಮ ತಮ್ಮ ಮುದ್ದಿನ ಪದ್ಧತಿ ಬಿಟ್ಟುಕೊಟ್ಟರು. 1980ರ ಆಗಸ್ಟ್ 1ರಂದು 89,000 ಡಾಲರ್ ಬಂಡವಾಳದಿಂದ ಹೊರಟ ತಂಡ ಹತ್ತು ವಾರಗಳಲ್ಲಿ ಅದನ್ನು ಇಮ್ಮಡಿ ಮಾಡಿಕೊಂಡಿತು. ಎರಡು ದಶಕಗಳ ಹತ್ತಿರ ಬೇರೆ ಬೇರೆ ರೂಪದಲ್ಲಿ ನಡೆದ ಈ ತಂಡಗಳ ಕೆಚ್ಚು ಹೈ-ಲೋ. 2008ರ '21' ಸಿನಿಮಾ ನೋಡಿದವರಿಗೆ ಅಲ್ಲಿ ಏನೋ ಅತಿಮಾನುಷ ಗಣಿತ ನಡೆದಂತೆ ಅನ್ನಿಸಬಹುದು. ನಡೆದದ್ದು ಪ್ಲಸ್ ಒಂದು, ಮೈನಸ್ ಒಂದು.

ತಂಡದ ಆಟಕ್ಕೆ ಒಂದೇ ಎಣಿಕೆ ಬೇಕಾದದ್ದಕ್ಕೆ ಇನ್ನೊಂದು ಕಾರಣವಿದೆ. ಫ್ರಾನ್ಸೆಸ್ಕೊ ಎಪ್ಪತ್ತರ ದಶಕದ ಶುರುವಿನಲ್ಲಿ ಕಂಡುಹಿಡಿದ ತಂತ್ರದಲ್ಲಿ ಕೆಲವರು ಬೇರೆ ಬೇರೆ ಮೇಜುಗಳಲ್ಲಿ ಕನಿಷ್ಠ ಪಣ ಇಟ್ಟು ಎಣಿಸುತ್ತಾ ಕೂತಿರುತ್ತಾರೆ. ಮೇಜು ಹದಕ್ಕೆ ಬಂದಾಗ ಸನ್ನೆ ಮಾಡಿದರೆ ದೊಡ್ಡ ಕುಳದಂತೆ ವೇಷ ಹಾಕಿದವನೊಬ್ಬ ಬಂದು ಭಾರಿ ಪಣ ಸುರಿಯುತ್ತಾನೆ. ಕೂತವನು ಎಣಿಕೆಯನ್ನು ಗುಪ್ತ ಮಾತಿನಲ್ಲಿ ದಾಟಿಸಬೇಕು. ಒಬ್ಬನ ಹನ್ನೆರಡು ಇನ್ನೊಬ್ಬನ ಪದ್ಧತಿಯಲ್ಲಿ ಆರಾಗಿದ್ದರೆ ಆ ಮಾತು ದಾಟಿಯೂ ದಾಟಿದಂತಲ್ಲ.

ಸರಳತೆಯ ಪಕ್ಷಕ್ಕೆ ಆಮೇಲೆ ಬಂದ ಸಾಕ್ಷಿಗಳಲ್ಲಿ ಗಟ್ಟಿಯಾದದ್ದು ಡಾನ್ ಶ್ಲೆಸಿಂಜರ್ ಅವರದು. ಎಣಿಕೆ ಏರಿಳಿದಂತೆ ಬೇಸಿಕ್ ಸ್ಟ್ರ್ಯಾಟಜಿಯಿಂದ ಎಲ್ಲೆಲ್ಲಿ ದಾರಿ ಬದಲಿಸಬೇಕು ಎನ್ನುವುದಕ್ಕೆ ನೂರೈವತ್ತಕ್ಕೂ ಹೆಚ್ಚು ಅಂಕಿಗಳ ಪಟ್ಟಿಗಳಿದ್ದವು. ಗಂಭೀರ ಆಟಗಾರರು ಅವನ್ನು ಮಗ್ಗಿಯಂತೆ ಉರುಹೊಡೆಯುತ್ತಿದ್ದರು. 1986ರಲ್ಲಿ ಶ್ಲೆಸಿಂಜರ್ ಲೆಕ್ಕ ಹಾಕಿ ತೋರಿಸಿದ್ದೇನೆಂದರೆ, ಆ ಎಲ್ಲದರಿಂದ ಬರುವ ಲಾಭದ ಶೇಕಡಾ ಎಂಬತ್ತಕ್ಕೂ ಹೆಚ್ಚು ಪಾಲು ಬರೀ ಹದಿನೆಂಟು ನಿರ್ಧಾರಗಳಲ್ಲಿದೆ. ಎಲ್ಲಕ್ಕಿಂತ ಬೆಲೆಯುಳ್ಳದ್ದು ಒಂದೇ: ಟ್ರೂ ಕೌಂಟ್ ಮೂರು ಮುಟ್ಟಿದಾಗ ಇನ್ಶೂರೆನ್ಸ್ ತೆಗೆದುಕೊಳ್ಳಿ. ಹತ್ತರ ಎದುರು ಹದಿನಾರು ಬಂದಾಗ ಕೌಂಟ್ ಸೊನ್ನೆ ದಾಟಿದ್ದರೆ ನಿಲ್ಲಿ ಎನ್ನುವುದು ಇನ್ನೊಂದು. ಇವೆರಡನ್ನು ಯಾರು ಬೇಕಾದರೂ ನೆನಪಿಡಬಹುದು.

ತೊಂಬತ್ತರ ದಶಕದಲ್ಲಿ ಓಲಾಫ್ ವಾಂಕುರಾ ಮತ್ತು ಕೆನ್ ಫುಕ್ಸ್ ಇನ್ನೂ ಒಂದು ಹೆಜ್ಜೆ ಇಟ್ಟರು. ಅವರ ನಾಕ್-ಔಟ್ ಪದ್ಧತಿಯಲ್ಲಿ ಏಳಕ್ಕೂ ಪ್ಲಸ್ ಒಂದು, ಮಿಕ್ಕದ್ದು ಹೈ-ಲೋದಂತೆಯೇ. ಆಗ ಒಂದು ಕಟ್ಟು ಮುಗಿದಾಗ ಎಣಿಕೆ ಸೊನ್ನೆಗೆ ಬರುವುದಿಲ್ಲ, ಪ್ಲಸ್ ನಾಲ್ಕರಲ್ಲಿ ನಿಲ್ಲುತ್ತದೆ. ಈ ಓರೆಯೇ ಉಪಾಯ. ಕಟ್ಟುಗಳು ಖರ್ಚಾದಂತೆ ಎಣಿಕೆ ತಾನಾಗಿ ಮೇಲೇರುವುದರಿಂದ, ಭಾಗಿಸುವ ಬದಲು ಇಂತಿಷ್ಟು ಮುಟ್ಟಿದಾಗ ಪಣ ಏರಿಸು ಎಂದು ಮೊದಲೇ ಗೆರೆ ಹಾಕಿಡಬಹುದು. ಭಾಗಾಕಾರ ಮಾಯ. ನಿಖರತೆಯಲ್ಲಿ ಹೈ-ಲೋಗಿಂತ ಹಿಂದೇನೂ ಬೀಳುವುದಿಲ್ಲ. ಅರ್ನಾಲ್ಡ್ ಸ್ನೈಡರ್ 1983ರಲ್ಲೇ ಏಳುಗಳಲ್ಲಿ ಕೆಂಪಿನವನ್ನು ಮಾತ್ರ ಎಣಿಸುವ ಇಂಥದೇ ಉಪಾಯ ಹೇಳಿದ್ದರು.

ಜಟಿಲತೆಯನ್ನು ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲ. ಒಂಟಿಯಾಗಿ, ಒಂದೆರಡು ಕಟ್ಟಿನ ಆಟವನ್ನೇ ವರ್ಷಗಟ್ಟಲೆ ಆಡುವವನಿಗೆ ಹೈ-ಆಪ್ಟ್ 2 ನಾಲಿಗೆಯ ತುದಿಯಲ್ಲಿದ್ದರೆ ಅದು ಅವನಿಗೆ ಲಾಭವೇ. ದಣಿವಿಲ್ಲದ ಯಂತ್ರಕ್ಕಂತೂ ಜಟಿಲತೆ ಭಾರವಲ್ಲ. ಎಪ್ಪತ್ತರ ದಶಕದಲ್ಲಿ ಕೀತ್ ಟಾಫ್ಟ್ ಎಂಬ ಎಂಜಿನಿಯರ್ ಮೈಗೆ ಕಟ್ಟಿಕೊಳ್ಳುವ ಕಂಪ್ಯೂಟರ್ ಮಾಡಿ, ಕಾಲ್ಬೆರಳಿನಿಂದ ಸ್ವಿಚ್ಚು ಒತ್ತಿ ಎಲೆಗಳನ್ನು ಅದಕ್ಕೆ ಉಣಿಸುತ್ತಿದ್ದರು. ನೆವಾಡಾ 1985ರಲ್ಲಿ ಇಂಥ ಸಾಧನಗಳನ್ನೆಲ್ಲ ಕಾನೂನಿನಿಂದ ನಿಷೇಧಿಸಿತು. ಉಳಿದದ್ದು ಮತ್ತೆ ಮನುಷ್ಯನ ತಲೆ.

ಪದ್ಧತಿಗಳ ಜಗಳದಲ್ಲಿ ಮುಳುಗಿದವರು ಮರೆಯುವ ಸಂಗತಿಯೊಂದಿದೆ, ಅದೃಷ್ಟದ ಏರಿಳಿತ. ಒಬ್ಬನಿಗೆ ಸರಾಸರಿ ಒಂದು ಶೇಕಡಾ ಮೇಲುಗೈ ಇದೆ, ಪ್ರತಿ ಆಟಕ್ಕೂ ನೂರು ರೂಪಾಯಿಯಂತೆ ಒಂದೇ ಪಣ ಇಡುತ್ತಾನೆ ಎನ್ನೋಣ. ನೂರು ಆಟಕ್ಕೆ ಅವನ ನಿರೀಕ್ಷಿತ ಗಳಿಕೆ ನೂರು ರೂಪಾಯಿ. ಅದೇ ನೂರು ಆಟದಲ್ಲಿ ಅದೃಷ್ಟ ಅವನನ್ನು ಆಚೀಚೆ ಎಳೆದಾಡುವ ಸಾಮಾನ್ಯ ಪ್ರಮಾಣ ಸಾವಿರದ ನೂರೈವತ್ತು ರೂಪಾಯಿ. ನಿರೀಕ್ಷಿತ ಗಳಿಕೆ ಈ ಎಳೆದಾಟಕ್ಕೆ ಸಮನಾಗಬೇಕಾದರೆ ಹದಿಮೂರು ಸಾವಿರಕ್ಕೂ ಹೆಚ್ಚು ಆಟ ಆಡಬೇಕು. ಗಂಟೆಗೆ ಎಂಬತ್ತರಂತೆ ನೂರ ಅರವತ್ತೈದು ಗಂಟೆ. ಆಮೇಲೂ ಆರರಲ್ಲಿ ಒಬ್ಬ ನಷ್ಟದಲ್ಲೇ ಇರುತ್ತಾನೆ, ಒಂದೂ ತಪ್ಪು ಮಾಡದೆ. ಪಣ ಏರಿಸಿ ಇಳಿಸುವ ನಿಜವಾದ ಆಟದಲ್ಲಿ ದಾರಿ ಇನ್ನೂ ಉದ್ದ. ಇಂಥ ದಾರಿಯಲ್ಲಿ ಕಾಪಾಡುವುದು ದೊಡ್ಡ ಬಂಡವಾಳ, ಅಳತೆಯ ಪಣ ಮತ್ತು ದಿನಕ್ಕೆ ಎಂಟು ಗಂಟೆ ಒಂದೇ ಸಮನೆ ಎಣಿಸಿದರೂ ದಣಿಯದ ಪದ್ಧತಿ.

ಕ್ಯಾಸಿನೊಗಳು ಈಗ ಎಣಿಕೆಗಾರರ ಜೊತೆ ಬುದ್ಧಿಯ ಪಂದ್ಯಕ್ಕೇ ಇಳಿಯುವುದಿಲ್ಲ. ಎಲೆಗಳನ್ನು ಕೂಡಲೇ ಒಳಗೆಳೆದು ನಿರಂತರವಾಗಿ ಕಲಸುವ ಯಂತ್ರವಿಟ್ಟರೆ ಕಟ್ಟಿಗೆ ನೆನಪೇ ಉಳಿಯುವುದಿಲ್ಲ, ಹಾವ್ಸ್ ಆಗಲಿ ಹೈ-ಲೋ ಆಗಲಿ ಅಲ್ಲಿ ಬರೀ ಬಾಯಿಪಾಠ. ಇನ್ನೂ ಸುಲಭದ ಉಪಾಯ ಮೇಜಿನ ಬಟ್ಟೆಯ ಮೇಲೇ ಅಚ್ಚಾಗಿರುತ್ತದೆ. ಬ್ಲ್ಯಾಕ್‌ಜಾಕ್‌ಗೆ ಮೂರಕ್ಕೆರಡರ ಬದಲು ಆರಕ್ಕೈದು. ನೂರಕ್ಕೆ ನೂರೈವತ್ತು ಸಿಗುವಲ್ಲಿ ನೂರಿಪ್ಪತ್ತು. ಇಪ್ಪತ್ತೊಂದು ಆಟಕ್ಕೊಮ್ಮೆ ಬರುವ ಬ್ಲ್ಯಾಕ್‌ಜಾಕ್‌ನಲ್ಲಿ ಮೂವತ್ತು ರೂಪಾಯಿ ಖೋತಾ ಎಂದರೆ ಒಟ್ಟು ಆಟದಲ್ಲಿ ಸುಮಾರು 1.4 ಶೇಕಡಾ ಹೋಯಿತು. ಹೈ-ಲೋ ಬಿಟ್ಟು ಎಂಥ ನಯದ ಪದ್ಧತಿಗೆ ಹೋದರೂ ಸಿಗುವ ಹೆಚ್ಚುವರಿ ಇದರ ಹತ್ತಿರಕ್ಕೂ ಬರುವುದಿಲ್ಲ.

ಕರ್ನಾಟಕದಲ್ಲಿ ಕ್ಯಾಸಿನೊ ಇಲ್ಲ. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನವರು ಅದಕ್ಕಾಗಿ ಗೋವಾಕ್ಕೆ ಹೋಗುತ್ತಾರೆ. ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿ ಪಣಜಿ ಮುಟ್ಟುವ ಹೊತ್ತಿಗೆ ಮಾಂಡೋವಿಯಾಗಿ, ಎದೆಯ ಮೇಲೆ ಜೂಜಿನ ಹಡಗುಗಳನ್ನು ಹೊತ್ತು ನಿಂತಿರುತ್ತದೆ. ನೀರಿಗಾಗಿ ಮೂರು ರಾಜ್ಯಗಳು ನ್ಯಾಯಾಧಿಕರಣದ ಮೆಟ್ಟಿಲು ಹತ್ತಿದ್ದರೂ ಆ ಹಡಗುಗಳ ಮೆಟ್ಟಿಲಲ್ಲಿ ಕನ್ನಡಕ್ಕೆ ಬರವಿಲ್ಲ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದವರೂ ವೇಗಾಸ್ ನೋಡದೆ ಬರುವುದು ಕಡಿಮೆ.

ಅಲ್ಲಿ ಬ್ಲ್ಯಾಕ್‌ಜಾಕ್ ಮೇಜಿಗೆ ಕೂರುವ ಮನಸ್ಸಾದರೆ, ಎಣಿಕೆಯ ಪುಸ್ತಕ ಕೊಳ್ಳುವ ಮೊದಲು ಎರಡು ನೋಡಿ. ಬಟ್ಟೆಯ ಮೇಲೆ ಮೂರಕ್ಕೆರಡು ಎಂದು ಬರೆದಿದೆಯೇ, ಡೀಲರ್‌ನ ಪಕ್ಕದಲ್ಲಿ ಸದಾ ಕಲಸುವ ಯಂತ್ರವಿದೆಯೇ. ಮೊದಲನೆಯದಿಲ್ಲದಿದ್ದರೆ ಅಥವಾ ಎರಡನೆಯದಿದ್ದರೆ ಯಾವ ಪದ್ಧತಿಯೂ ನಿಮ್ಮನ್ನು ಕಾಯುವುದಿಲ್ಲ, ಊಟ ಮಾಡಿ, ನದಿ ನೋಡಿ ಬನ್ನಿ. ಎರಡೂ ಸರಿಯಿದ್ದರೆ ಬೇಸಿಕ್ ಸ್ಟ್ರ್ಯಾಟಜಿಯನ್ನು ಬಾಯಿಪಾಠ ಮಾಡಿಕೊಂಡು ಹೋಗಿ, ಕಳೆದರೂ ಕಣ್ಣು ಒದ್ದೆಯಾಗದಷ್ಟು ಹಣ ಮಾತ್ರ ಒಯ್ಯಿರಿ. ಅದಕ್ಕೂ ಮೇಲೆ ಎಣಿಸಲೇಬೇಕು ಎನಿಸಿದರೆ ಹೈ-ಲೋ ಸಾಕು.